ಒಂದೇ ತಟ್ಟೆಯ ಮೊಸರು

ನಮ್ಮ ಮನೆಯಲ್ಲಿ ಅಪ್ಪನ ಸುದ್ದಿ ಬೇಕಾದರೆ ನಾಯಿಯ ಹತ್ತಿರ ಕೂರಬೇಕಿತ್ತು. ಅಪ್ಪ ವಾಶಿಯ ಒಂದು ಹೋಟೆಲಿನಲ್ಲಿ ಕೌಂಟರ್ ನೋಡಿಕೊಳ್ಳುವವರು. ಬೆಳಗಿನಿಂದ ಗಿರಾಕಿಗಳ ಜೊತೆ ಮರಾಠಿ, ಹಿಂದಿ, ಗುಜರಾತಿ, ಅಡುಗೆಯವರ ಜೊತೆ ತುಳು, ಮಾಲೀಕರ ಜೊತೆ ಬರೀ ತಲೆಯಾಡಿಸುವ ಭಾಷೆ, ಹೀಗೆ ಎಲ್ಲವನ್ನೂ ಖರ್ಚು ಮಾಡಿ, ಠಾಣೆಯಲ್ಲಿ ಲೋಕಲ್ ರೈಲು ಬದಲಾಯಿಸಿ ಡೊಂಬಿವಲಿಗೆ ಬಂದು ಇಳಿಯುವಷ್ಟರಲ್ಲಿ ಅವರ ಬಾಯಿಯ ಸ್ಟಾಕು ಖಾಲಿಯಾಗಿರುತ್ತಿತ್ತು. ನನಗೂ ಅಮ್ಮನಿಗೂ ಸಿಗುತ್ತಿದ್ದುದು ಪಾತ್ರೆಯ ತಳದಲ್ಲಿ ಉಳಿದದ್ದು: ಹ್ಞೂಂ, ಸಾಕು, ನೀರು, ಫ್ಯಾನು. ಹಬ್ಬದ ದಿನ ಇದಕ್ಕೆ 'ಒಳ್ಳೇದಾಗಿದೆ' ಎಂಬ ಸ್ಪೆಷಲ್ ಐಟಂ ಸೇರುತ್ತಿತ್ತು.

ಆದರೆ ಅದೇ ಮನುಷ್ಯ ಬೂಟು ಕಳಚಿ ಬಾಲ್ಕನಿಗೆ ಹೋಗಿ ನಾಯಿಯ ಎದುರು ಕುಕ್ಕರಗಾಲಿನಲ್ಲಿ ಕೂತರೆಂದರೆ ಆಕಾಶವಾಣಿ ಶುರುವಾಗುತ್ತಿತ್ತು.

"ಇವತ್ತು ಒಬ್ಬ ಬಂದಿದ್ದ ಮಾರಾಯ. ಒಂದು ಪ್ಲೇಟು ಇಡ್ಲಿಗೆ ಮೂರು ಸಲ ಸಾಂಬಾರು. ಮತ್ತೆ ಕೇಳಿದ. ನಾನೆಂತ ಹೇಳುದು? ಇಡ್ಲಿ ಈಗಾಗ್ಲೇ ಈಜ್ತಾ ಉಂಟು ಸಾಹೇಬ್ರೇ, ಇನ್ನು ದೋಣಿ ಕಳಿಸ್ಲಾ ಕೇಳಿದೆ."

ನಾಯಿ ಕಿವಿ ಹಿಂದೆ ಮಡಚಿ ಕೇಳುತ್ತಿತ್ತು. ಅಡುಗೆಮನೆಯಲ್ಲಿ ಅಮ್ಮ ಒಗ್ಗರಣೆಯ ಗ್ಯಾಸು ಸಣ್ಣ ಮಾಡಿ ಕೇಳುತ್ತಿದ್ದಳು. ನಾನು ಪುಸ್ತಕ ತಲೆಕೆಳಗಾಗಿ ಹಿಡಿದು ಕೇಳುತ್ತಿದ್ದೆ. ಹೋಟೆಲಿನ ಎರಡನೆಯ ಶಾಖೆ ಮುಚ್ಚಿದ್ದು, ಅಪ್ಪನ ಹಳೆಯ ಸ್ನೇಹಿತ ಊರಿಗೆ ಹೋದವನು ವಾಪಸು ಬಾರದೇ ಉಳಿದದ್ದು, ರೈಲಿನಲ್ಲಿ ಐರೋಲಿಯ ಹತ್ತಿರ ಅಪ್ಪನಿಗೆ ತಲೆ ತಿರುಗಿ ಯಾರೋ ಎದ್ದು ಸೀಟು ಕೊಟ್ಟದ್ದು, ಎಲ್ಲವೂ ನಮಗೆ ಗೊತ್ತಾದದ್ದು ಈ ರೇಡಿಯೋ ಸ್ಟೇಷನ್ನಿನಿಂದಲೇ. ತಲೆ ತಿರುಗಿದ ಸುದ್ದಿ ಬಂದ ಮರುದಿನ ಅಮ್ಮ ಏನೂ ಹೇಳದೆ ಅಪ್ಪನ ಚೀಲದಲ್ಲಿ ಗ್ಲೂಕೋಸಿನ ಪುಡಿ ಇಟ್ಟಳು. ಅಪ್ಪ ಏನೂ ಕೇಳದೆ ತೆಗೆದುಕೊಂಡು ಹೋದರು. ನಮ್ಮ ಮನೆಯ ಸಂಸಾರ ಹೀಗೆ ನಾಯಿಯ ಮೂಲಕ ನಡೆಯುತ್ತಿತ್ತು.

ನಮ್ಮ ನಾಯಿಗೆ ಒಂದು ಹೆಸರಿತ್ತು. ಅದನ್ನು ಈಗ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಆದ್ದರಿಂದ ಇಲ್ಲೂ ಬೇಡ. ಮುಧೋಳ ಜಾತಿಯ ನಾಯಿ, ಅಂದರೆ ದೇವರು ನಾಯಿಯ ಚಿತ್ರ ಬರೆಯಲು ಕೂತು ಬರೀ ಅಂಚು ಬರೆದು ಎದ್ದು ಹೋದಂತಿತ್ತು. ಎದುರಿನಿಂದ ನೋಡಿದರೆ ನಾಯಿ ಇದೆಯೆಂದೇ ಗೊತ್ತಾಗುತ್ತಿರಲಿಲ್ಲ. ಅವನು ಪಕ್ಕಕ್ಕೆ ತಿರುಗುವವರೆಗೆ ಕಾಯಬೇಕಿತ್ತು. ನಮ್ಮ ವಾಚ್‌ಮನ್ ಅವನನ್ನು 'ಫೋಲ್ಡಿಂಗ್ ಕುತ್ತಾ' ಎನ್ನುತ್ತಿದ್ದ. ಪಕ್ಕದ ಮನೆಯ ಮರಾಠಿ ಆಂಟಿ, ಹೋಟೆಲಿನವರ ಮನೆಯಲ್ಲಿ ನಾಯಿಗೆ ಊಟ ಹಾಕುವುದಿಲ್ಲವೆಂದು ನಂಬಿ, ದಿನವೂ ಬಾಗಿಲ ಸಂದಿಯಲ್ಲಿ ಒಂದು ಚಪಾತಿ ತೂರಿಸುತ್ತಿದ್ದರು. ನಮ್ಮ ಕಟ್ಟಡದ ಸೊಸೈಟಿಯ ನಿಯಮದಂತೆ ನಾಯಿಗೆ ಲಿಫ್ಟು ಇಲ್ಲ. ಅವನು ನಾಲ್ಕು ಮಹಡಿ ಮೆಟ್ಟಿಲಲ್ಲೇ ಹತ್ತಿ ಇಳಿಯುತ್ತಿದ್ದ, ಅಪ್ಪನೂ ಜೊತೆಗೆ.

ಅವನನ್ನು ಕೊಟ್ಟದ್ದು ವಿಜಾಪುರ ಕಡೆಯ ಒಬ್ಬ ಮುಕಾದಮ. ಕಟ್ಟಡದ ಕೂಲಿಯವರ ಮೇಸ್ತ್ರಿ. ವಾಶಿಯಲ್ಲಿ ಕೆಲಸವಿದ್ದಾಗ ಅಪ್ಪನ ಹೋಟೆಲಿನಲ್ಲಿ ಊಟ ಮಾಡುತ್ತಿದ್ದ. ಊರಿಗೆ ಹೋದವನು ಒಮ್ಮೆ ಚೀಲದಲ್ಲಿ ಮರಿ ಹಾಕಿಕೊಂಡು ಬಂದು ಕೌಂಟರಿನ ಮೇಲಿಟ್ಟು, "ಅಣ್ಣಾ, ನಿಮ್ಮ ಸಾಂಬಾರದ ಋಣ" ಎಂದನಂತೆ. ಇದನ್ನೂ ಅಪ್ಪ ನಮಗೆ ಹೇಳಲಿಲ್ಲ. ಮರಿಗೆ ಹೇಳಿದರು.

ನಾನು ಒಂಬತ್ತನೆಯ ತರಗತಿ ಮುಗಿಸಿ ಹತ್ತಕ್ಕೆ ಬಂದ ವರ್ಷ ಮುಕಾದಮ ಟಿಟ್ವಾಳಾದ ಒಂದು ಸೈಟಿನಲ್ಲಿದ್ದ. ಸಿಮೆಂಟು ಕಾಯಲು ಅವನೂ ಒಂದು ಮುಧೋಳ ಹೆಣ್ಣುನಾಯಿ ಸಾಕಿದ್ದ. ಆ ಮಳೆಗಾಲದಲ್ಲಿ ಎರಡು ಮನೆಯವರೂ ಸೇರಿ ಸಂಬಂಧ ನಿಶ್ಚಯಿಸಿದರು. ಅಪ್ಪ ನಾಯಿಯನ್ನು ಸ್ನಾನ ಮಾಡಿಸಿ, ಬಾಡಿಗೆ ಟೆಂಪೋದಲ್ಲಿ ಟಿಟ್ವಾಳಾಕ್ಕೆ ಕರೆದುಕೊಂಡು ಹೋದರು. ಗಣಪತಿ ದೇವಸ್ಥಾನದ ಎದುರು ಟೆಂಪೋ ನಿಲ್ಲಿಸಿ ಕೈಮುಗಿದರು. ಅವರ ಮದುವೆಯ ಫೋಟೋದಲ್ಲೂ ಮುಖ ಅಷ್ಟು ಬೆಳಗಿಲ್ಲ, ಆಲ್ಬಮ್ ನಮ್ಮಲ್ಲಿದೆ. ಮುಧೋಳ ನಾಯಿ ಸಾಕುವ ಜನರಲ್ಲಿ ಒಂದು ಪದ್ಧತಿ: ಗಂಡು ನಾಯಿ ಯಾರದೋ ಅವರಿಗೆ ಒಂದು ಮರಿ. ಅದರ ಮೇಲೆ ಯಾರೂ ಚೌಕಾಶಿ ಮಾಡುವಂತಿಲ್ಲ.

ಮರಿ ಬರುವ ಮೊದಲೇ ನಮ್ಮ ನಾಯಿ ಮಲಗಿದ. ಮೊದಲು ಉಣ್ಣಿ ಜ್ವರ ಎಂದರು. ಆಮೇಲೆ ಕಿಡ್ನಿ ಎಂದರು. ಮೊದಲೇ ಅಂಚು ಮಾತ್ರ ಇದ್ದವನು, ಈಗ ಆ ಅಂಚೂ ಅಳಿಸಿಹೋಗತೊಡಗಿತು. ಪ್ರಾಣಿಗಳ ಡಾಕ್ಟರಮ್ಮ, ನಮ್ಮ ರೈಲ್ವೆ ಸ್ಟೇಷನ್ನಿನ ಪೂರ್ವಕ್ಕೆ ಕ್ಲಿನಿಕ್ ಇಟ್ಟಿದ್ದವರು, ಅಪ್ಪನನ್ನು ಕೂರಿಸಿ ಮೆಲ್ಲಗೆ ಮರಾಠಿಯಲ್ಲಿ ಹೇಳಿದರು, ಇನ್ನು ಹೆಚ್ಚು ದಿನ ಇಲ್ಲ. ಅಪ್ಪ 'ಹ್ಞೂಂ' ಎಂದರು. ಆ ಸಂಜೆ ಬಾಲ್ಕನಿಯಲ್ಲಿ ಪ್ರಸಾರ ಇರಲಿಲ್ಲ. ಅಪ್ಪ ಸುಮ್ಮನೆ ಅವನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಅಮ್ಮ ಗ್ಯಾಸು ಸಣ್ಣ ಮಾಡಿ ಕಾದಳು. ಒಗ್ಗರಣೆ ಕರಿಯಾಯಿತು.

"ಒಂದು ಮರಿ ಬರ್ತದಲ್ಲ," ಎಂದಳು ಅಮ್ಮ ನನ್ನ ಕಿವಿಯಲ್ಲಿ. "ಅವನದ್ದೇ ರಕ್ತ. ಅದರ ಹತ್ರ ಮಾತಾಡ್ತಾರೆ ನೋಡು. ಇಲ್ಲದಿದ್ರೆ ಈ ಮನೇಲಿ ಇನ್ನು ರೇಡಿಯೋ ಇಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ.

ಮರಿಗಳು ಹುಟ್ಟಿ, ಕಣ್ಣು ಬಿಟ್ಟ ಮೇಲೆ ಮುಕಾದಮ ಫೋನು ಮಾಡಿದ. ನಾನೂ ಅಪ್ಪನೂ ಟಿಟ್ವಾಳಾಕ್ಕೆ ಹೋದೆವು. ಅರ್ಧ ಕಟ್ಟಿದ ಕಟ್ಟಡದ ಕೆಳಗೆ, ಖಾಲಿ ಸಿಮೆಂಟು ಚೀಲಗಳ ಹಾಸಿನ ಮೇಲೆ ನಾಲ್ಕು ಮರಿಗಳು ತಾಯಿಗೆ ಅಂಟಿಕೊಂಡಿದ್ದವು. ನಾಲ್ಕೂ ಕಂದು. ನಾಲ್ಕೂ ತೆಳ್ಳಗೆ. ಒಂದೇ ಮರಿಯನ್ನು ಜೆರಾಕ್ಸ್ ಮಾಡಿಸಿಟ್ಟ ಹಾಗೆ. ಅಪ್ಪ ಬಗ್ಗಿ ನೋಡುತ್ತಿದ್ದಾಗ ಮುಕಾದಮ ತಲೆಯ ಟವೆಲು ತೆಗೆದು ಕೈಯಲ್ಲಿ ಹಿಂಡಿದ. ಒದ್ದೆಯಾಗಿರಲಿಲ್ಲ, ಆದರೂ ಹಿಂಡಿದ.

"ಒಂದ ಮಾತು ಹೇಳ್ತೀನ್ರಿ ಅಣ್ಣಾ, ಸಿಟ್ಟ ಆಗಬ್ಯಾಡ್ರಿ. ನೀವು ಕರಕೊಂಡು ಹ್ವಾದ ಮ್ಯಾಲ ನಮ್ಮ ಭಾವ ಬಂದಿದ್ದ, ಕಲ್ಯಾಣದಾಗ ಇರ್ತಾನಲ್ರಿ, ಅಂವಾ. ಅವನ ಕಡೇನೂ ಇಂಥಾದ್ದ ಗಂಡು ನಾಯಿ ಐತಿ. ಒಂದಕ್ಕ ಎರಡು ಇರಲಿ, ಗ್ಯಾರಂಟಿ ಆಕ್ಕೈತಿ ಅಂದ. ಬಿಟ್ವಿ."

"ಅಂದ್ರೆ?" ಎಂದರು ಅಪ್ಪ.

"ಅಂದ್ರ ನಿಮ್ಮವೂ ಇರಬಹುದು, ಅವನವೂ ಇರಬಹುದು. ಇಲ್ಲಾ, ಎರಡು ನಿಮ್ಮವು ಎರಡು ಅವನವು. ಈಗ ಅಂವಾನೂ ಒಂದು ಮರಿ ಕೇಳಾಕ ಹತ್ಯಾನ."

"ಒಂದೇ ಸಲಕ್ಕೆ ಹುಟ್ಟಿದ್ದಕ್ಕೆ ಇಬ್ಬರು ಅಪ್ಪಂದಿರಾ?" ಎಂದೆ ನಾನು. ನನ್ನ ವಿಜ್ಞಾನದ ಮೇಷ್ಟ್ರು ಇದನ್ನು ನಮ್ಮಿಂದ ಬಚ್ಚಿಟ್ಟಿದ್ದರು.

"ನಾಯಿಗೆ ಆಕ್ಕೈತಿ ತಂಗಿ. ಅವಕ್ಕೇನು ಸೊಸೈಟಿ ರೂಲ್ ಐತೇನು."

ಬರುವಾಗ ರೈಲಿನಲ್ಲಿ ಅಪ್ಪ ಬಾಗಿಲ ಪಕ್ಕ ನಿಂತು ಹೊರಗೆ ನೋಡುತ್ತಿದ್ದರು. ಮನೆಗೆ ಬಂದು ಬಾಲ್ಕನಿಯಲ್ಲಿ ಕೂತು ಹೇಳಿದರು, "ನಾಲ್ಕು ಮರಿ ಮಾರಾಯ. ನಾಲ್ಕೂ ನಿನ್ನ ಹಾಗೇ." ಅಷ್ಟೇ. ಭಾವನ ನಾಯಿಯ ಸುದ್ದಿ ಇಲ್ಲ. ನಮ್ಮ ಸ್ಟೇಷನ್ನಿನಿಂದ ಸುದ್ದಿಯೊಂದು ಸೆನ್ಸಾರ್ ಆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಮ್ಮನಿಗೆ ನಾನೇ ಹೇಳಬೇಕಾಯಿತು.

ಡಿಎನ್‌ಎ ಎಂಬ ಮಾತು ತೆಗೆದದ್ದು ನಾನು. ಕ್ಲಿನಿಕ್ಕಿನ ಗೋಡೆಯ ಮೇಲೆ ಒಂದು ಪೋಸ್ಟರಿತ್ತು, ನಾಯಿ, ಬೆಕ್ಕು, ಕುದುರೆಯ ಚಿತ್ರ, ಕೆಳಗೆ ಇಂಗ್ಲಿಷಿನಲ್ಲಿ, ಇವುಗಳ ತಂದೆ ಯಾರೆಂದು ತಿಳಿಯಿರಿ. ಅಲ್ಲಿಯವರೆಗೆ ಅದು ಸಿನೆಮಾ ನಟರಿಗೂ ಧಾರಾವಾಹಿಯ ಅತ್ತೆಯರಿಗೂ ಮೀಸಲಾದ ಪರೀಕ್ಷೆ ಎಂದುಕೊಂಡಿದ್ದೆ. ಅಪ್ಪ ನನ್ನನ್ನು ಕರೆದುಕೊಂಡು ಮತ್ತೆ ಕ್ಲಿನಿಕ್ಕಿಗೆ ಹೋದರು. ಡಾಕ್ಟರಮ್ಮ ವಿವರಿಸಿದರು: ಕಡ್ಡಿಯ ತುದಿಗೆ ಹತ್ತಿಯಿರುವ ಒಂದು ಸಾಧನ, ಅದನ್ನು ಕೆನ್ನೆಯ ಒಳಗೆ ಉಜ್ಜಿದರೆ ಸಾಕು. ತಾಯಿಯದು, ಮರಿಗಳದು, ನಿಮ್ಮ ಗಂಡು ನಾಯಿಯದು. ಬೇರೆ ಊರಿನ ಲ್ಯಾಬಿಗೆ ಕಳಿಸಬೇಕು. ಲ್ಯಾಬಿನಿಂದ ಕಿಟ್ ಬರಲಿ, ಅವನು ಮೆಟ್ಟಿಲಿಳಿಯುವ ಸ್ಥಿತಿಯಲ್ಲಿಲ್ಲ, ಮರಿಗಳನ್ನೂ ಅಲ್ಲಿಗೇ ತರಿಸಿ, ಭಾನುವಾರ ನಾನೇ ಮನೆಗೆ ಬರುತ್ತೇನೆ ಎಂದರು. ಇಷ್ಟು ಕೇಳಿಸಿಕೊಂಡು ನಾನು ಮೂಲೆಯಲ್ಲಿದ್ದ ನಾಯಿಗಳ ತೂಕದ ಯಂತ್ರ ಹತ್ತಿದೆ. ಗ್ರೇಟ್ ಡೇನ್ ನಾಯಿಗಿಂತ ನೀನು ಸ್ವಲ್ಪ ಕಡಿಮೆ ಎಂದು ಕಾಂಪೌಂಡರ್ ಸಮಾಧಾನ ಹೇಳಿದ. ಡಾಕ್ಟರಮ್ಮ ಕೊನೆಯಲ್ಲಿ ಅಪ್ಪನಿಗೆ ಇನ್ನೇನೋ ಹೇಳುತ್ತಿದ್ದರು, ಬೆರಳೆತ್ತಿ, ಒಂದೊಂದೇ ಮಾತು ಬಿಡಿಸಿ. ಅಪ್ಪ ಪ್ರತಿ ಮಾತಿಗೂ ಹ್ಞೂಂಗುಟ್ಟುತ್ತಿದ್ದರು. ನಾನು ನನ್ನ ತೂಕದ ದುಃಖದಲ್ಲಿದ್ದೆ.

ಶಾಲೆಯಲ್ಲಿ ನನ್ನ ಬೆಲೆ ಏರಿತು. ನಮ್ಮ ಕನ್ನಡ ಶಾಲೆಯ ಹತ್ತನೆಯ ತರಗತಿಯಲ್ಲಿ ಬೆಂಚುಗಳೇ ಮಕ್ಕಳಿಗಿಂತ ಜಾಸ್ತಿ, ಆದರೆ ಇದ್ದಷ್ಟೂ ಜನ ನನ್ನ ಸುತ್ತ. ಹೈಕೋರ್ಟಿನಿಂದ ವಕೀಲರು ಬರುತ್ತಾರೆ, ನ್ಯಾಯಾಧೀಶರು ಮರಿಗಳನ್ನು ಒಂದೊಂದಾಗಿ ಕಟಕಟೆಯಲ್ಲಿ ನಿಲ್ಲಿಸುತ್ತಾರೆ ಎಂದೆಲ್ಲ ಹೇಳಿದೆ. ಮನೆಗೆ ಬಂದರೆ ಬೇರೆ ಗಾಳಿ. ಅವನು ತಿನ್ನುವುದು ನಿಲ್ಲಿಸಿದ್ದ. ರಾಗಿ ಗಂಜಿ, ಬೇಯಿಸಿದ ಕೋಳಿ, ಅಪ್ಪ ಹೋಟೆಲಿನಿಂದ ಎಲೆಯಲ್ಲಿ ಕಟ್ಟಿ ತಂದ ಬೆಣ್ಣೆ, ಪಕ್ಕದ ಆಂಟಿಯ ಚಪಾತಿ, ಯಾವುದು ಮೂಗಿನ ಹತ್ತಿರ ತಂದರೂ ಮುಖ ಗೋಡೆಗೆ ತಿರುಗಿಸುತ್ತಿದ್ದ. ಡಾಕ್ಟರಮ್ಮನ ಸೂಜಿಯಿಂದ ಹೋಗುವ ನೀರೇ ಊಟ.

ಇಲ್ಲಿ ಅಮ್ಮನ ಮೊಸರಿನ ಕತೆ ಹೇಳಬೇಕು. ಯಾರಾದರೂ ದೊಡ್ಡ ಕೆಲಸಕ್ಕೆ ಮನೆಯಿಂದ ಹೊರಡುವ ಮುಂಚೆ ಅಂಗೈಗೆ ಮೊಸರು ಸಕ್ಕರೆ ಹಾಕುವುದು ನಮ್ಮ ಊರ ಕಡೆಯದಲ್ಲ, ಇಲ್ಲಿಯದು. ಪಕ್ಕದ ಆಂಟಿಯಿಂದ ಅಮ್ಮ ಕಲಿತದ್ದು. ಆದರೆ ಕಲಿತ ಮೇಲೆ ಆಂಟಿಯನ್ನೇ ಹಿಂದೆ ಹಾಕಿದಳು. ಅಪ್ಪ ಬೇಲಾಪುರದ ಸರ್ಕಾರಿ ಕಚೇರಿಗೆ ಹೊರಟರೆ ಮೊಸರು, ನಾನು ಹಲ್ಲು ಕೀಳಿಸಲು ಹೊರಟರೆ ಮೊಸರು. ಎದುರು ಮನೆಯ ಬಸುರಿ ಸ್ಕ್ಯಾನಿಂಗಿಗೆ ಹೊರಟರೆ ಲಿಫ್ಟಿನವರೆಗೆ ಬಟ್ಟಲು ಹಿಡಿದು ಓಡಿದ್ದಳು. ಒಮ್ಮೆ ಗ್ಯಾಸಿನ ಸಿಲಿಂಡರ್ ಹೊತ್ತು ತಂದವನೂ ಅರ್ಧ ಚಮಚ ತಿಂದೇ ಇಳಿದು ಹೋಗಿದ್ದಾನೆ. ಬೇಡವೆಂದವರು ಯಾರೂ ಇಲ್ಲ. ಅವಳ ಮುಖ ನೋಡಿದರೆ ಬೇಡವೆನ್ನಲು ಆಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮುಕಾದಮ ಟೈಲ್ಸ್ ಸಾಗಿಸುವ ಟೆಂಪೋದಲ್ಲಿ ಬಂದ. ತರಕಾರಿಯ ಪ್ಲಾಸ್ಟಿಕ್ ಕ್ರೇಟಿನಲ್ಲಿ ನಾಲ್ಕು ಮರಿ, ಹಗ್ಗದಲ್ಲಿ ತಾಯಿ. ವಾಚ್‌ಮನ್ ಲಿಫ್ಟಿನ ಎದುರು ಕೈ ಅಡ್ಡ ಹಿಡಿದು ನಿಯಮ ಹೇಳಿದ. ಮುಕಾದಮ, "ಇವು ನಾಯಿ ಅಲ್ಲ, ಸಾಕ್ಷಿದಾರರು" ಎಂದು ಹಿಂದಿಯಲ್ಲಿ ಹೇಳಿ, ಮೆಟ್ಟಿಲು ಹತ್ತಿದ. ನಾಲ್ಕನೆಯ ಮಹಡಿಗೆ ಬರುವಷ್ಟರಲ್ಲಿ ಅವನ ಹಿಂದೆ ಕಟ್ಟಡದ ಅರ್ಧ ಮಕ್ಕಳಿದ್ದರು. ಅಮ್ಮ ಬಾಗಿಲು ಹಾಕಿದಳು.

ಡಾಕ್ಟರಮ್ಮ ಬರಲು ಇನ್ನೂ ಹೊತ್ತಿತ್ತು. ನಮ್ಮ ನಾಯಿ ನಡುಮನೆಯಲ್ಲಿ, ಅಪ್ಪನ ಹಳೆಯ ಲುಂಗಿಯ ಮೇಲೆ ಮಲಗಿದ್ದ. ಕ್ರೇಟು ಕೆಳಗಿಟ್ಟಾಗ ಕಣ್ಣು ತೆರೆದ. ಮರಿಗಳು ಒಂದರ ಮೇಲೊಂದು ಉರುಳಿ ಹೊರಬಂದು, ನಮ್ಮ ನಡುಮನೆ ಅಳೆದು, ಸೋಫಾದ ಕಾಲಿಗೆ ಒಂದು ಮೂತ್ರವನ್ನೂ ದಾಖಲಿಸಿದವು. ಆಗ ಅಡುಗೆಮನೆಯಿಂದ ಅಮ್ಮ ಬಂದಳು. ಕೈಯಲ್ಲಿ ಅಗಲದ ಸ್ಟೀಲು ತಟ್ಟೆ. ತುಂಬ ಮೊಸರು, ಮೇಲೆ ಸಕ್ಕರೆ.

"ಎಲ್ಲರಿಗೂ ಒಂದು ನೆಕ್ಕು ಇರ್ಲಿ," ಎಂದಳು. "ಇಷ್ಟು ದೊಡ್ಡ ಕೆಲಸ ಉಂಟು."

ತಟ್ಟೆ ನೆಲ ಮುಟ್ಟುವ ಮೊದಲೇ ಮರಿಗಳು ಅದರೊಳಗಿದ್ದವು. ತಾಯಿಯೂ ಬಂದು ಮೂತಿ ಹಾಕಿತು. ನಾಲ್ಕು ಮರಿಗಳ ಹದಿನಾರು ಕಾಲೂ ಮೊಸರಿನಲ್ಲಿ. ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟರೆ ಬೆಣ್ಣೆ ಬರುತ್ತಿತ್ತು. ಅಪ್ಪ ಕುರ್ಚಿಯಿಂದ ಎದ್ದರು. ತಟ್ಟೆಯ ಕಡೆ ಕೈ ಚಾಚಿದರು. ಅವರು ತಟ್ಟೆ ತೆಗೆಯಲು ಹೊರಟಿದ್ದಾರೆ ಎಂದು ನನಗೆ ಅನ್ನಿಸಿತು, ಯಾಕೆಂದು ತಿಳಿಯಲಿಲ್ಲ.

ಅಷ್ಟರಲ್ಲಿ ನಮ್ಮ ನಾಯಿ ತಲೆ ಎತ್ತಿದ.

ಎತ್ತಿ, ಮುಂಗಾಲು ಊರಿ, ಮೈಯನ್ನು ಸ್ವಲ್ಪ ಎಳೆದುಕೊಂಡು ತಟ್ಟೆಯ ಕಡೆ ಬಂದ. ಲುಂಗಿಯೂ ಅವನ ಜೊತೆ ಬಂತು. ಅಪ್ಪ ನಿಂತಲ್ಲೇ ನಿಂತಿದ್ದರು. ಅವನು ಇನ್ನೂ ಒಂದು ಸಲ ಎಳೆದುಕೊಂಡ. ಕತ್ತು ಸಾಲಲಿಲ್ಲ. ಅಪ್ಪ ಮೊಣಕಾಲೂರಿ ಕೂತು, ತಟ್ಟೆಯನ್ನು ಎತ್ತಲಿಲ್ಲ, ಅವನ ಕಡೆ ಸರಿಸಿದರು. ಅಂಚು ಓರೆ ಮಾಡಿ ಹಿಡಿದರು. ಮರಿಗಳು ತಟ್ಟೆಯ ಜೊತೆಗೇ ಜಾರಿ ಅವನ ಮೂತಿಯ ಮೇಲೆ ಬಿದ್ದವು. ಅವನು ಅವುಗಳ ನಡುವೆ ನಾಲಿಗೆ ಹಾಕಿ ನೆಕ್ಕಿದ. ಮತ್ತೆ ನೆಕ್ಕಿದ. ಒಂದು ಮರಿ ಅವನ ಬಾಯಿಯೊಳಗಿನ ಮೊಸರನ್ನೇ ನೆಕ್ಕಲು ಹೊರಟಿತು.

"ತಿಂದ ನೋಡಿ, ತಿಂದ," ಎಂದಳು ಅಮ್ಮ, ಸೆರಗು ಬಾಯಿಗೆ ಒತ್ತಿಕೊಂಡು.

"ತಿನ್ನು ಮಾರಾಯ," ಎಂದರು ಅಪ್ಪ. "ತಿನ್ನು, ತಿನ್ನು. ಎಂತದೂ ಗಡಿಬಿಡಿ ಇಲ್ಲ."

ಮುಕಾದಮ ಕಿಟಕಿಯ ಕಡೆ ತಿರುಗಿ ಎದುರಿನ ಕಟ್ಟಡದ ಪ್ಲಾಸ್ಟರು ಪರೀಕ್ಷಿಸತೊಡಗಿದ. ಬಹಳ ಕೆಟ್ಟ ಪ್ಲಾಸ್ಟರು ಎಂದು ಮೂಗು ಒರೆಸಿಕೊಂಡ.

ತಟ್ಟೆ ಖಾಲಿಯಾದ ಮೇಲೆ ಅಪ್ಪ ತಮ್ಮ ಬೈರಾಸಿನಿಂದ ಅವನ ಬಾಯಿ ಒರೆಸಿದರು. ನಾಲ್ಕು ಮರಿಗಳ ಬಾಯಿಯನ್ನೂ ಅದೇ ಬೈರಾಸಿನಿಂದ ಒರೆಸಿದರು. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಬಂದರು. ಅಮ್ಮ ಒಳಗೆ ನಲ್ಲಿ ತಿರುಗಿಸಿ ತಟ್ಟೆ ತೊಳೆಯುತ್ತಿದ್ದಳು.

"ಕಾಹೀ ಖಾಲ್ಲ ನಾಹೀ ನಾ?" ಏನೂ ತಿಂದಿಲ್ಲ ತಾನೇ ಎಂದು ಡಾಕ್ಟರಮ್ಮ ಕೇಳಿದರು, ಕೈಗವಸು ಎಳೆದುಕೊಳ್ಳುತ್ತ.

"ನಾಹೀ," ಎಂದರು ಅಪ್ಪ.

ನನಗೆ ಅದು ಸುಳ್ಳೆಂದು ಹೊಳೆಯಲೂ ಇಲ್ಲ. ಎಷ್ಟೋ ದಿನದಿಂದ ಏನೂ ತಿನ್ನದ ನಾಯಿ. ನಾಲ್ಕು ನೆಕ್ಕು ಯಾವ ಲೆಕ್ಕ ಎಂದುಕೊಂಡೆ. ಡಾಕ್ಟರಮ್ಮ ಒಬ್ಬೊಬ್ಬರ ಕೆನ್ನೆಯೊಳಗೂ ಹತ್ತಿ ಉಜ್ಜಿ, ಬೇರೆ ಬೇರೆ ಕೊಳವೆಗಳಲ್ಲಿಟ್ಟು ಚೀಟಿ ಅಂಟಿಸಿದರು. ಒಂದು ಮರಿ ಕಡ್ಡಿಯನ್ನೇ ಕಚ್ಚಿ ಹಿಡಿದು ಬಿಡಲಿಲ್ಲ, ಇದು ಖಂಡಿತ ನಮ್ಮದೇ, ಇದರ ಅಪ್ಪನ ಬಾಯಲ್ಲಿ ನನ್ನ ಪೆನ್ಸಿಲುಗಳಿಗೆಲ್ಲ ಆದ ಗತಿ ಇದೇ ಎಂದು ನಾನು ಘೋಷಿಸಿದೆ. ಎಲ್ಲರೂ ನಕ್ಕರು. ಅಪ್ಪ ಕೂಡ.

ಅವನು ಹೋದದ್ದು ಆ ವಾರದಲ್ಲೇ, ಒಂದು ಮಧ್ಯಾಹ್ನ. ಅಪ್ಪ ಕೌಂಟರಿನಲ್ಲಿದ್ದರು. ಅಮ್ಮ ಫೋನು ಮಾಡಿದಳು. ಆ ಕಡೆಯಿಂದ 'ಹ್ಞೂಂ' ಬಂತು, ಹಿಂದೆ ಗ್ಲಾಸುಗಳ ಸದ್ದು, ಯಾರೋ ಬಿಲ್ಲು ಕೇಳುವುದು. ಅಪ್ಪ ಬಂದು ಅವನನ್ನು ಅದೇ ಲುಂಗಿಯಲ್ಲಿ ಸುತ್ತಿ ಎತ್ತಿಕೊಂಡರು. ಮೆಟ್ಟಿಲ ಕಡೆ ಹೊರಟರೆ ಮೇಲಕ್ಕೆ ಬಂದ ವಾಚ್‌ಮನ್ ಲಿಫ್ಟಿನ ಬಾಗಿಲು ಹಿಡಿದು ನಿಂತಿದ್ದ. ಬದುಕಿದಷ್ಟು ದಿನ ಮೆಟ್ಟಿಲು ಹತ್ತಿದವನು ಕೊನೆಯ ಸಲ ಲಿಫ್ಟಿನಲ್ಲಿ ಇಳಿದ. ನಿಯಮ ಮುರಿದದ್ದಕ್ಕೆ ಸೊಸೈಟಿಯಿಂದ ಯಾವ ನೋಟಿಸೂ ಬರಲಿಲ್ಲ.

ಮರುದಿನ ಅಮ್ಮ ಮನೆ ತೊಳೆದಳು. ಯಾರು ಹೋದರೂ ತೊಳೆಯುವ ಹಾಗೆ. ಬಾಲ್ಕನಿ, ನಡುಮನೆ, ಸೋಫಾದ ಕವರು, ಅವನ ಬಟ್ಟಲು, ಬಾಚಣಿಗೆ, ಎಲ್ಲಕ್ಕೂ ಫಿನಾಯಿಲು. ಅವನ ಹಾಸಿಗೆಯನ್ನು ಕಸದವನಿಗೆ ಕೊಟ್ಟಳು. ಮನೆ ಸರ್ಕಾರಿ ಆಸ್ಪತ್ರೆಯಂತೆ ನಾರಿತು. ಸಂಜೆ ಅಪ್ಪ ಬಂದು ಬೂಟು ಕಳಚಿ, ಅಭ್ಯಾಸದಿಂದ ಬಾಲ್ಕನಿಯವರೆಗೆ ಹೋದರು. ಒದ್ದೆ ನೆಲ ನೋಡಿ ವಾಪಸು ಬಂದು ಟಿವಿ ಎದುರು ಕೂತರು. ಟಿವಿ ಹಚ್ಚಿರಲಿಲ್ಲ.

"ಮರಿ ಬರ್ತದೆ," ಎಂದಳು ಅಮ್ಮ ನನಗೆ. ದಿನಕ್ಕೆ ಇಷ್ಟು ಸಲ ಎಂದು ಲೆಕ್ಕವಿಲ್ಲ. "ರಿಪೋರ್ಟು ಬರ್ಲಿ. ಮರಿ ಬರ್ತದೆ."

ರಿಪೋರ್ಟು ಬಂದ ದಿನ ಮೂವರೂ ಹೋದೆವು. ಅಮ್ಮ ಸೀರೆ ಬದಲಾಯಿಸಿ ಬಂದಿದ್ದಳು. ಚೀಲದಲ್ಲಿ ಹೊಸ ಟವೆಲ್ ಇತ್ತು, ಮರಿಯನ್ನು ಸುತ್ತಿ ತರಲು. ಮರಿ ಇರುವುದು ಟಿಟ್ವಾಳಾದಲ್ಲಿ ಎಂದು ನಾನು ನೆನಪಿಸಿದರೂ ಕೇಳಿರಲಿಲ್ಲ. ಡಾಕ್ಟರಮ್ಮ ಕಾಗದ ಓದಿ, ಕನ್ನಡಕ ತೆಗೆದು, ಹಿಂದಿಯಲ್ಲಿ ಸಾವಕಾಶ ಹೇಳಿದರು. ಮಾದರಿಗಳು ಕಲಬೆರಕೆಯಾಗಿವೆ. ಗಂಡು ನಾಯಿಯದೆಂದು ಕಳಿಸಿದ ಹತ್ತಿಯಲ್ಲಿ ಒಂದಕ್ಕಿಂತ ಹೆಚ್ಚು ನಾಯಿಗಳ ಅಂಶ ಇದೆ. ಮರಿಗಳದ್ದರಲ್ಲೂ ಹಾಗೇ. ಯಾರು ಯಾರಿಗೆ ಹುಟ್ಟಿದ್ದೆಂದು ಹೇಳಲು ಬರುವುದಿಲ್ಲ. ಹೊಸ ಮಾದರಿ ಕಳಿಸಿ ಎಂದಿದ್ದಾರೆ.

ಅವನಿಲ್ಲದ್ದು ಡಾಕ್ಟರಮ್ಮನಿಗೂ ಗೊತ್ತಿತ್ತು.

"ರಕ್ತ ತೆಗೆದಿದ್ರಲ್ಲ, ಮೊದಲು?" ಎಂದೆ.

ಅದನ್ನು ಇಟ್ಟುಕೊಳ್ಳುವುದಿಲ್ಲವಂತೆ, ಪರೀಕ್ಷೆ ಮುಗಿದ ಮೇಲೆ ಚೆಲ್ಲುತ್ತಾರಂತೆ. "ಬಾಚಣಿಗೆಯಲ್ಲಿ ಕೂದಲು ಉಳಿದಿದೆಯಾ? ಬುಡ ಇರುವಂಥದ್ದು?"

ಅಮ್ಮ ನೆಲ ನೋಡುತ್ತಿದ್ದಳು. ಫಿನಾಯಿಲಿನಲ್ಲಿ ತೊಳೆದ ಆ ಬಾಚಣಿಗೆ ಹೊಸದಕ್ಕಿಂತ ಹೊಳೆಯುತ್ತಿತ್ತು.

"ಆ ದಿನ ಇವೆಲ್ಲ ಒಂದೇ ಪಾತ್ರೆಯಲ್ಲಿ ಏನಾದರೂ ತಿಂದವಾ?" ಎಂದು ಡಾಕ್ಟರಮ್ಮ ಕೇಳಿದರು. ಬೈಯುವ ಧ್ವನಿಯಲ್ಲ. ಸುಮ್ಮನೆ ತಿಳಿಯಲು. "ಅದಕ್ಕೇ ಒಂದು ತಾಸು ಬಾಯಿಗೆ ಏನೂ ಬೇಡ, ಬೇರೆ ಬೇರೆ ಇಡಿ ಎನ್ನುವುದು."

ಅಮ್ಮ ಚೀಲದ ಬಾಯಿ ಮುಚ್ಚಿಕೊಂಡಳು. ಟವೆಲಿನ ತುದಿ ಹೊರಗೆ ಕಾಣುತ್ತಿತ್ತು, ಅದನ್ನೂ ಒಳಗೆ ತುರುಕಿದಳು. ಅಪ್ಪ ಗೋಡೆಯ ಪೋಸ್ಟರಿನಲ್ಲಿ ಕುದುರೆಯನ್ನು ನೋಡುತ್ತಿದ್ದರು. ಹೊರಗೆ ಬಂದ ಮೇಲೆ ಅಮ್ಮ ಹೇಳಿದಳು, "ನಾನು ಮಾಡಿದ್ದು ನೋಡಿ." ಅಪ್ಪ ರಿಕ್ಷಾ ಕರೆದರು. ಅಷ್ಟೇ.

ಅದರ ಮುಂದಿನ ರಜೆಯ ದಿನ ನಾನೂ ಅಪ್ಪನೂ ಟಿಟ್ವಾಳಾಕ್ಕೆ ಹೋದೆವು. ಅಮ್ಮ ಬರಲಿಲ್ಲ. ಮುಕಾದಮ ವಿಷಯ ಕೇಳಿ ಬಹಳ ಹೊತ್ತು ತಲೆಯಾಡಿಸಿದ.

"ಬಿಡ್ರಿ ಅಣ್ಣಾ. ಭಾವ ತನ್ನ ನಾಯಿ ಬಾಯಾಗ ಕಡ್ಡಿ ಹಾಕಾಕ ಬಿಡಂಗಿಲ್ಲ. ಆದ್ರ ಮರಿ ವಿಷಯ ಅವಗ ನಾ ಹೇಳ್ತೀನಿ. ಮೊದಲ ನೀವು ಆರಿಸ್ರಿ. ಯಾವದಾರ ತಗೋರಿ. ಎಲ್ಲಾ ಛಲೋ ಅದಾವ."

ಅಪ್ಪ ಮರಳಿನ ರಾಶಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಬಾಲ್ಕನಿಯಲ್ಲಿ ಕೂರುತ್ತಿದ್ದ ಹಾಗೆ. ಮರಿಗಳು ಬೆಳೆದಿದ್ದವು, ಕಾಲುಗಳೆಲ್ಲ ಮೈಗಿಂತ ಮೊದಲು ಓಡುತ್ತಿದ್ದವು. ಒಂದು ಬಂದು ಅಪ್ಪನ ಎದುರು ನಿಂತು, ಕಿವಿ ಹಿಂದೆ ಮಡಚಿ ಮುಖ ನೋಡಿತು. ಆವತ್ತು ಕಡ್ಡಿ ಕಚ್ಚಿದ್ದು ಇದೇ ಇರಬೇಕು ಎಂದು ನನಗೆ ಅನಿಸಿತು. ಆಮೇಲೆ ಪಕ್ಕದ್ದೂ ಹಾಗೇ ಅನಿಸಿತು.

"ನಿನ್ನೆ ಕೌಂಟರಲ್ಲಿ ಒಬ್ಬ," ಎಂದರು ಅಪ್ಪ ಮರಿಗೆ.

ಮರಿ ಕೇಳುತ್ತಿತ್ತು. ಒಳ್ಳೆಯ ಕೇಳುಗನೇ. ಮುಂದಿನ ಮಾತು ಬಂದರೆ ಆ ಮರಿ ನಮ್ಮದು, ಯಾವ ಲ್ಯಾಬೂ ಬೇಡ, ಎಂದು ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆ. ಅಪ್ಪನ ಬಾಯಿ ತೆರೆದೇ ಇತ್ತು. ಮರಿ ಕಾದು ಬೇಸತ್ತು ಆಕಳಿಸಿ, ತಮ್ಮನ ಬಾಲ ಕಚ್ಚಲು ಹೋಯಿತು.

ಅಪ್ಪ ಮೊಣಕಾಲಿನ ಮರಳು ಕೊಡವಿ ಎದ್ದರು.

"ಬೇಡ," ಎಂದರು. "ಯಾರದ್ದೋ ಎಂತದೋ. ಮಾತು ಬರುದಿಲ್ಲ."

ಮರಿಗಳು ಹಂಚಿಹೋದವು. ಒಂದು ಭಾವನಿಗೆ, ಒಂದು ವಾಶಿಯ ಮಾರ್ಕೆಟ್ಟಿನ ಹಮಾಲರ ಕಡೆಗೆ, ಇನ್ನೆರಡು ವಿಜಾಪುರದ ಬಸ್ಸು ಹತ್ತಿದವು. ಪ್ರತಿಯೊಂದು ಹೋಗುವ ಮೊದಲೂ ಮುಕಾದಮ ಅಪ್ಪನಿಗೆ ಫೋನು ಮಾಡಿ ಕೇಳುತ್ತಿದ್ದ, ಕಳಸಲೇನ್ರಿ ಅಣ್ಣಾ ಎಂದು. ಅಪ್ಪ ಪ್ರತಿ ಸಲವೂ ಹ್ಞೂಂ ಎಂದರು. ಯಾವ ಹ್ಞೂಂಗೆ ನಮ್ಮ ನಾಯಿಯ ಮಗ ಹೋದನೋ ಗೊತ್ತಿಲ್ಲ. ಒಂದೂ ಅವನದಲ್ಲದೆಯೂ ಇರಬಹುದು.

ಅಲ್ಲಿಂದಾಚೆ ನಮ್ಮ ಮನೆಯಲ್ಲಿ ಮೊಸರು ನಿಂತಿತು. ಅಮ್ಮ ಹೆಪ್ಪು ಹಾಕುವುದನ್ನೇ ಬಿಟ್ಟಳು. ಎದುರು ಮನೆಯ ಮಗುವಿನ ಮೊದಲ ಚುಚ್ಚುಮದ್ದಿಗೆ ಹೊರಟವರು ನಮ್ಮ ಬಾಗಿಲ ಎದುರು ಸ್ವಲ್ಪ ನಿಂತರು, ಚಪ್ಪಲಿ ಸರಿಮಾಡುವ ನೆಪದಲ್ಲಿ. ಅಮ್ಮ ಒಳಗಿನಿಂದ ಕುಕ್ಕರ್ ಕೂಗಿಸಿದಳು. 'ಮೊಸರು ಎಲ್ಲಿ' ಎಂದು ಅಪ್ಪ ಕೇಳಲಿಲ್ಲ. ಸಾರಿನ ಮೇಲೆ ಸಾರು ಹಾಕಿಕೊಂಡು ಊಟ ಮುಗಿಸಿ ಏಳುತ್ತಿದ್ದರು. ಕರಾವಳಿಯ ಇಬ್ಬರು ಮನುಷ್ಯರು ಕೊನೆಯ ತುತ್ತಿಗೆ ಮೊಸರಿಲ್ಲದೆ ಒಂದು ಮಳೆಗಾಲದ ಕೊನೆಯಿಂದ ಒಂದು ಬೇಸಿಗೆಯವರೆಗೆ ಬದುಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ವೈದ್ಯಕೀಯ ಪುಸ್ತಕಗಳಲ್ಲಿ ಬರೆಯಬೇಕಾದ ಪ್ರಕರಣ.

ಬೋರ್ಡ್ ಪರೀಕ್ಷೆಯ ಮೊದಲ ದಿನ ಬಂತು. ನಾನು ಯೂನಿಫಾರ್ಮು ಹಾಕಿ, ಹಾಲ್ ಟಿಕೆಟ್ಟು ಜೇಬಿನಲ್ಲಿಟ್ಟು, ದೇವರ ಎದುರು ನಿಂತೆ. ಅಮ್ಮ ಕುಂಕುಮ ಇಟ್ಟಳು. ಆಮೇಲೆ ಅವಳ ಬಲಗೈ, ತನ್ನಷ್ಟಕ್ಕೆ, ಬಟ್ಟಲು ಹಿಡಿಯುವ ಹಾಗೆ ಸ್ವಲ್ಪ ಎದ್ದು, ಮತ್ತೆ ಕೆಳಗಿಳಿಯಿತು. ಅಪ್ಪ ಕೆಲಸಕ್ಕೆ ಹೊರಟು ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದವರು ಅದನ್ನು ನೋಡಿದರು.

"ಮೊಸರು ಇಲ್ವಾ?" ಎಂದರು.

"ಇಲ್ಲ. ನನ್ನ ಕೈಯ ಮೊಸರು ಬೇಡ," ಎಂದಳು ಅಮ್ಮ. "ಇವಳ ಪರೀಕ್ಷೆನೂ ಹಾಳಾಗುದು ಬೇಡ."

ಅಪ್ಪ ಒಂದು ಬೂಟು ಹಾಕಿ, ಇನ್ನೊಂದನ್ನು ಕೈಯಲ್ಲೇ ಹಿಡಿದುಕೊಂಡು ಎದ್ದು ನಿಂತರು.

"ಡಾಕ್ಟರಮ್ಮ ನಂಗೆ ಮೊದಲೇ ಹೇಳಿದ್ರು. ಬಾಯಿಗೆ ಎಂತದೂ ಕೊಡ್ಬೇಡಿ, ಒಟ್ಟಿಗೆ ಬಿಡ್ಬೇಡಿ ಅಂತ. ನಾನು ಮನೇಲಿ ಹೇಳ್ಲಿಲ್ಲ. ನೀನು ತಟ್ಟೆ ತಂದಾಗ ತೆಗೀಲಿಕ್ಕೆ ಅಂತಲೇ ಎದ್ದೆ. ಅಷ್ಟೊತ್ತಿಗೆ ಅವ ತಲೆ ಎತ್ತಿದ. ಹಾಳಾಗ್ತದೆ ಅಂತ ಗೊತ್ತಿತ್ತು. ತಟ್ಟೆ ಹಿಡಿದದ್ದು ನಾನು."

ಅಪ್ಪ ನಮ್ಮ ಕಡೆ ಮುಖ ಮಾಡಿ ಇಷ್ಟು ಮಾತು ಒಟ್ಟಿಗೆ ಆಡಿದ್ದು ನಾನು ಹುಟ್ಟಿದ ಮೇಲೆ ಇದೇ ಮೊದಲು. ಪೂರ್ತಿ ವಾಕ್ಯಗಳು, ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಇದ್ದವು. ಅಮ್ಮ ಕುಂಕುಮದ ಭರಣಿಯ ಮುಚ್ಚಳ ತಿರುಗಿಸುತ್ತಿದ್ದಳು. ಅದು ಆಗಲೇ ಬಿಗಿಯಾಗಿತ್ತು.

"ಇಷ್ಟು ತಿಂಗಳು ನೋಡ್ತಾ ಇದ್ರಿ," ಎಂದಳು. "ನಂಗೆ ಹೇಳುದು ಬೇಡ. ನಂಗೆ ನೀವು ಯಾವತ್ತು ಹೇಳಿದ್ದು? ನಾಯಿಗಾದ್ರೂ ಹೇಳಿದ್ರೆ ಅಡುಗೆಮನೆಗೆ ಕೇಳ್ತಿತ್ತು."

"ಹೇಳ್ಲಿಕ್ಕೆ ಅವ ಇರ್ಲಿಲ್ಲಲ್ಲ," ಎಂದರು ಅಪ್ಪ.

ಅಮ್ಮ ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಬಂತು. ತೊಳೆಯಲು ಆ ಹೊತ್ತಿನಲ್ಲಿ ಯಾವ ಪಾತ್ರೆಯೂ ಇರಲಿಲ್ಲ. ಅಪ್ಪ ಇನ್ನೊಂದು ಬೂಟು ಹಾಕಿ, ಲೇಸು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದರು. ನಾನೂ ಅಪ್ಪನೂ ಮೆಟ್ಟಿಲಲ್ಲೇ ಇಳಿದೆವು. ಕೆಳಗೆ ವಾಚ್‌ಮನ್ ಪರೀಕ್ಷೆಗೆ ಒಳ್ಳೆಯದಾಗಲಿ ಎಂದ. ಗೇಟಿನ ಹತ್ತಿರ ಅಪ್ಪ ಏನೋ ಹೇಳಲು ಬಾಯಿ ತೆರೆದ ಹಾಗಿತ್ತು. ನಾನು ನಿಂತೆ. ಅವರು ನನ್ನ ಕಂಪಾಸ್ ಪೆಟ್ಟಿಗೆ ನೋಡಿ, 'ಹ್ಞೂಂ' ಎಂದು, ಸ್ಟೇಷನ್ನಿನ ಕಡೆ ತಿರುಗಿದರು.